ಬಾಟಲಿ ನೀರು, ಪೇಪರ್ ಕಪ್ಪಿನ ಚಹಾ: ಮೈಕ್ರೊಪ್ಲಾಸ್ಟಿಕ್ ಎಲ್ಲಿಂದ ಉದುರುತ್ತದೆ, ಹೇಗೆ ಕಡಿಮೆ ಮಾಡಬಹುದು

ಹೊಸ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಾಗ ಕಟಕಟ ಎಂದು ಸದ್ದು ಬರುತ್ತದೆ. ಮುಚ್ಚಳಕ್ಕೂ ಅದರ ಕೆಳಗಿನ ಬಳೆಗೂ ನಡುವೆ ಇರುವ ಸಣ್ಣ ಪ್ಲಾಸ್ಟಿಕ್ ಕೊಂಡಿಗಳು ಒಂದೊಂದಾಗಿ ಹರಿಯುವ ಸದ್ದು ಅದು. ಸೀಲ್ ಒಡೆದಿರಲಿಲ್ಲ ಎಂಬುದಕ್ಕೆ ಅದೇ ಗುರುತು. ಅದೇ ಗಳಿಗೆಯಲ್ಲಿ ಇನ್ನೊಂದೂ ನಡೆದಿರುತ್ತದೆ. ಕೊಂಡಿ ಹರಿದಲ್ಲಿ, ಮುಚ್ಚಳದ ತಿರುಪು ಬಾಟಲಿಯ ಕುತ್ತಿಗೆಗೆ ಉಜ್ಜಿದಲ್ಲಿ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿ ಉದುರುತ್ತದೆ. ಒಂದಿಷ್ಟು ಬಾಟಲಿಯ ಬಾಯಂಚಿನಲ್ಲೇ ಉಳಿಯುತ್ತದೆ, ಒಂದಿಷ್ಟು ನೀರಿಗೆ ಬೀಳುತ್ತದೆ.

ಮೈಕ್ರೊಪ್ಲಾಸ್ಟಿಕ್ ಎಂದರೆ ಇದೇ ಪುಡಿ. ಈ ಮಾತು ಮನೆಮನೆಗೆ ಬಂದಿದ್ದು ಈಚೆಗೆ. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ಹೋಟೆಲುಗಳ ಸುದ್ದಿ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲೆಲ್ಲ ಹರಡಿತು. ಅದಕ್ಕೂ ಕೆಲವು ತಿಂಗಳ ಮೊದಲು, 2024ರ ನವೆಂಬರಿನಲ್ಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತ್ತು. ಅಂದಿನಿಂದ ಪ್ರಶ್ನೆ ಇಡ್ಲಿಯನ್ನು ದಾಟಿ ನೀರು, ಚಹಾ, ಜ್ಯೂಸಿನ ತನಕ ಬಂದಿದೆ. ಮಲೆನಾಡಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಮನೆ ಹಿತ್ತಿಲಲ್ಲಿ ಬಾವಿ, ತೋಟದ ಬುಡದಲ್ಲಿ ಹಳ್ಳ. ಹಾಗಿದ್ದೂ ಮದುವೆ ಊಟದ ಬಾಳೆಲೆಯ ಪಕ್ಕ ಈಗ ಕೂರುವುದು ಕಾಲು ಲೀಟರಿನ ಬಾಟಲಿ.

ಮೈಕ್ರಾನ್ ಎಂದರೆ ಎಷ್ಟು?

ಅಂಗಡಿಯವರು "ಇದು 120 ಮೈಕ್ರಾನ್ ಕವರ್, ನಡೆಯತ್ತೆ" ಎನ್ನುತ್ತಾರಲ್ಲ, ಅದೇ ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಮ್ಮ ರಕ್ತದ ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್.

5 ಮಿಲಿಮೀಟರಿಗಿಂತ, ಅಂದರೆ ಸುಮಾರು ಒಂದು ಹೆಸರುಕಾಳಿಗಿಂತ, ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳೆಲ್ಲ ಮೈಕ್ರೊಪ್ಲಾಸ್ಟಿಕ್. ಒಂದು ಮೈಕ್ರಾನಿಗಿಂತಲೂ ಚಿಕ್ಕದಾದರೆ ನ್ಯಾನೊಪ್ಲಾಸ್ಟಿಕ್. ಮೈಕ್ರೊಪ್ಲಾಸ್ಟಿಕ್ ಎಂಬ ಪದ ಬಳಕೆಗೆ ಬಂದಿದ್ದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಬರೆದ ಪ್ರಬಂಧದಿಂದ. ಅವರು ನೋಡಿದ್ದು ಕಡಲತೀರದ ಮರಳನ್ನು. ಕುಡಿಯುವ ಲೋಟದ ಕಡೆಗೆ ಸಂಶೋಧಕರ ಕಣ್ಣು ತಿರುಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಾಯಿತು.

325 ಕಣವೋ, 2.4 ಲಕ್ಷ ಕಣವೋ?

ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಅಂಕಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಕಾರಣ ತಿಳಿದರೆ ಗೊಂದಲ ಇಲ್ಲ.

2018ರಲ್ಲಿ ಅಮೆರಿಕದ ಫ್ರೆಡೋನಿಯಾದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ತಂಡವೊಂದು 9 ದೇಶಗಳಲ್ಲಿ ಕೊಂಡ 259 ಬಾಟಲಿಗಳನ್ನು ಪರೀಕ್ಷಿಸಿತು. ಆ ದೇಶಗಳಲ್ಲಿ ಭಾರತವೂ ಇತ್ತು. ನೂರಕ್ಕೆ 93 ಬಾಟಲಿಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 100 ಮೈಕ್ರಾನಿಗಿಂತ ದೊಡ್ಡ ಕಣಗಳು ಲೀಟರಿಗೆ ಸರಾಸರಿ 10, ಅದಕ್ಕಿಂತ ಚಿಕ್ಕವು 325. 2024ರ ಜನವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಲೇಸರ್ ಸೂಕ್ಷ್ಮದರ್ಶಕದ ಹೊಸ ವಿಧಾನದಿಂದ ಅಮೆರಿಕದಲ್ಲಿ ಮಾರುವ ಮೂರು ಬ್ರ್ಯಾಂಡುಗಳ ನೀರು ನೋಡಿದಾಗ ಲೀಟರಿಗೆ ಸುಮಾರು 2.4 ಲಕ್ಷ ಕಣಗಳು ಕಂಡವು.

ಆರು ವರ್ಷದಲ್ಲಿ ನೀರು ಅಷ್ಟು ಕೆಟ್ಟಿತೇ? ಹಾಗಲ್ಲ, ಜರಡಿ ಬದಲಾಯಿತು. ಕಾಳು ಜರಡಿಯಲ್ಲಿ ನಿಲ್ಲದ್ದು ರವೆ ಜರಡಿಯಲ್ಲಿ ನಿಲ್ಲುತ್ತದೆ, ಅಲ್ಲೂ ನಿಲ್ಲದ್ದು ಮೈದಾ ಜರಡಿಯಲ್ಲಿ ನಿಲ್ಲುತ್ತದೆ. ಮೊದಲ ತಂಡಕ್ಕೆ ಆರೂವರೆ ಮೈಕ್ರಾನಿಗಿಂತ ಚಿಕ್ಕದು ಕಾಣುತ್ತಿರಲಿಲ್ಲ. ಎರಡನೆಯ ತಂಡ ಎಣಿಸಿದ್ದರಲ್ಲಿ ನೂರಕ್ಕೆ 90 ಪಾಲು ನ್ಯಾನೊ ಗಾತ್ರದ್ದೇ. ಹಾಗಾಗಿ ಯಾವುದೇ ಅಂಕಿ ಓದಿದಾಗ ಮೊದಲು ಕೇಳಬೇಕಾದ್ದು, ಯಾವ ಗಾತ್ರದಿಂದ ಮೇಲಿನದನ್ನು ಎಣಿಸಿದರು ಎಂದು.

ಎಣಿಕೆ ಬೇರೆ, ತೂಕ ಬೇರೆ ಎಂಬುದನ್ನೂ ನೆನಪಿಡಬೇಕು. "ಪ್ರತಿ ವಾರ ಒಂದು ಎಟಿಎಂ ಕಾರ್ಡಿನಷ್ಟು, 5 ಗ್ರಾಂ ಪ್ಲಾಸ್ಟಿಕ್ ತಿನ್ನುತ್ತೇವೆ" ಎಂಬ ಮಾತು 2019ರಿಂದ ಸುತ್ತುತ್ತಿದೆ. ಆದರೆ 2021ರಲ್ಲಿ ನೆದರ್ಲೆಂಡ್ಸಿನ ವಾಖೆನಿಂಗನ್ ವಿಶ್ವವಿದ್ಯಾಲಯದವರು ಆಹಾರ, ನೀರು, ಗಾಳಿ ಮೂರನ್ನೂ ಸೇರಿಸಿ ಹಾಕಿದ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ ಬಂದಿದ್ದು ಸುಮಾರು 4 ಮೈಕ್ರೊಗ್ರಾಂ. ಒಂದು ಗ್ರಾಮಿಗೆ ಹತ್ತು ಲಕ್ಷ ಮೈಕ್ರೊಗ್ರಾಂ. 5 ಗ್ರಾಂ ಎಲ್ಲಿ, 4 ಮೈಕ್ರೊಗ್ರಾಂ ಎಲ್ಲಿ! ಎಟಿಎಂ ಕಾರ್ಡಿನ ಮಾತನ್ನು ಇನ್ನು ಬಿಡುವುದು ಒಳ್ಳೆಯದು. ತೂಕ ಕಡಿಮೆ ಎಂದ ಮಾತ್ರಕ್ಕೆ ಚಿಂತೆ ಮುಗಿಯಿತು ಎಂದೂ ಅಲ್ಲ. ಅತಿ ಚಿಕ್ಕ ಕಣಗಳು ತೂಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ದೇಹದೊಳಗೆ ದೂರ ಹೋಗಬಲ್ಲವು ಮಾತ್ರ ಅವೇ.

ಬಾಟಲಿ, ಮುಚ್ಚಳ, ಪೊಟ್ಟಣ: ಯಾವುದು ಯಾವುದರದ್ದು?

ಬಾಟಲಿಯ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 1 ಎಂದಿರುತ್ತದೆ. ಅದು ಪೆಟ್, ಪೂರ್ತಿ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್. ಗಾಜಿನಂತೆ ತಿಳಿ, ಗಟ್ಟಿ. ಮುಚ್ಚಳ ಅದೇ ವಸ್ತುವಲ್ಲ. ಅದು ಪಾಲಿಎಥಿಲೀನ್ (2) ಅಥವಾ ಪಾಲಿಪ್ರೊಪಿಲೀನ್ (5), ಎರಡೂ ಪೆಟ್‌ಗಿಂತ ಮೆತ್ತಗಿನವು. ಗಟ್ಟಿಯ ಮೇಲೆ ಮೆತ್ತಗಿನದು ಉಜ್ಜಿದರೆ ಸವೆಯುವುದು ಮೆತ್ತಗಿನದೇ, ಕೊಬ್ಬರಿ ತುರಿಮಣೆಯ ಮೇಲೆ ಸವೆದ ಹಾಗೆ. 2018ರ ಪರೀಕ್ಷೆಯಲ್ಲಿ ದೊಡ್ಡ ಕಣಗಳ ಪೈಕಿ ಅರ್ಧಕ್ಕೂ ಹೆಚ್ಚು ಪಾಲಿಪ್ರೊಪಿಲೀನ್ ಆಗಿದ್ದುದಕ್ಕೆ ಮುಚ್ಚಳವೇ ಕಾರಣವಿರಬೇಕು ಎಂದು ಸಂಶೋಧಕರು ಹೇಳಿದ್ದರು. ಮರುವರ್ಷ ಇಟಲಿಯ ಮಿಲಾನ್ ವಿಶ್ವವಿದ್ಯಾಲಯದವರು ಬಾಟಲಿಗಳ ಮುಚ್ಚಳವನ್ನು ನೂರು ಸಲ ತೆಗೆದು ಹಾಕಿ ನೋಡಿದರು. ಮುಚ್ಚಳದ ಮೇಲೂ ಕುತ್ತಿಗೆಯ ಮೇಲೂ ಪುಡಿ ಬಹಳ ಹೆಚ್ಚಿತ್ತು. ಬಾಟಲಿಯನ್ನು ಬರಿದೇ ಹಿಂಡಿದ್ದರಿಂದ ನೀರಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ತೋಟಕ್ಕೆ ಹೋಗುವವರು ತಂಪುಪಾನೀಯದ ಹಳೆ ಬಾಟಲಿಯಲ್ಲಿ ತಿಂಗಳುಗಟ್ಟಲೆ ನೀರು ಒಯ್ಯುವುದನ್ನು ಈ ಬೆಳಕಿನಲ್ಲಿ ನೋಡಿ. ದಿನಕ್ಕೆ ಹತ್ತು ಸಲ ಮುಚ್ಚಳ ತಿರುಗಿದರೆ ಮಿಲಾನಿನ ಪ್ರಯೋಗ ಹತ್ತೇ ದಿನದಲ್ಲಿ ನಮ್ಮ ಅಡಿಕೆ ತೋಟದಲ್ಲಿ ನಡೆದುಹೋಯಿತು.

ಹಾಲಿನ ಪ್ಯಾಕೆಟ್ ಮೆತ್ತಗಿನ ಪಾಲಿಎಥಿಲೀನ್ ಹಾಳೆ. ಕತ್ತರಿಸುವಾಗ, ಹರಿಯುವಾಗ ಅಂಚಿನಿಂದ ಪುಡಿ ಉದುರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕತ್ತರಿಸಿ ಬಿಸಾಡುವ ಮೂಲೆ. ಉಗುರಿನಷ್ಟು ಗಾತ್ರದ ಆ ತ್ರಿಕೋನವನ್ನು ಕಸ ಆಯುವವರಿಗೆ ಆಯಲು ಆಗುವುದಿಲ್ಲ. ಸಿಂಕಿನಿಂದ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಮೂಲೆಯನ್ನು ಪೂರ್ತಿ ಬೇರ್ಪಡಿಸದೆ ಮುಕ್ಕಾಲು ಮಾತ್ರ ಸೀಳಿ, ಪ್ಯಾಕೆಟ್ಟಿಗೇ ತೂಗುಬಿಡಿ. ಜ್ಯೂಸಿನ ರಟ್ಟಿನ ಪೊಟ್ಟಣ ನೋಡಲು ಕಾಗದ, ಒಳಗಿನ ಪದರ ಅದೇ ಪಾಲಿಎಥಿಲೀನ್. ಅಲ್ಯೂಮಿನಿಯಂ ಡಬ್ಬಿಯ ಒಳಗೂ ತೆಳು ರಾಳದ ಲೇಪ ಇರುತ್ತದೆ.

ಹಾಗಾದರೆ ಗಾಜಿನ ಬಾಟಲಿ ನಿರಪಾಯವೇ? ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು. ತಂಪುಪಾನೀಯ, ಬಿಯರ್‌ಗಳ ಗಾಜಿನ ಬಾಟಲಿಯಲ್ಲಿ ಲೀಟರಿಗೆ ಸುಮಾರು 100 ಕಣ, ಪ್ಲಾಸ್ಟಿಕ್ ಬಾಟಲಿಗಿಂತ ಹಲವು ಪಟ್ಟು ಹೆಚ್ಚು. ಗಾಜಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತಗಡಿನ ಮುಚ್ಚಳದ ಹೊರಗಿನ ಬಣ್ಣ ಗೀರಿಕೊಂಡು ಉದುರುತ್ತಿತ್ತು. ಮುಚ್ಚಳಗಳನ್ನು ಊದಿ ತೊಳೆದು ಹಾಕಿದಾಗ ಕಣಗಳು ನೂರಕ್ಕೆ 60ರಷ್ಟು ಇಳಿದವು. ಇಲ್ಲಿಯೂ ತಿಕ್ಕಾಟವೇ ಮೂಲ ಎಂಬುದನ್ನು ಗಮನಿಸಿ.

ಬಿಸಿ ತಾಗಿದರೆ ಏನಾಗುತ್ತದೆ?

ತಿಕ್ಕಾಟಕ್ಕಿಂತ ದೊಡ್ಡದು ಬಿಸಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಡಿ.

ಪ್ಲಾಸ್ಟಿಕ್ ಎಂದರೆ ಉದ್ದುದ್ದ ಸರಪಳಿಯಂಥ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುವ ವಸ್ತು. ತಣ್ಣಗಿರುವಾಗ ಹೆಣಿಗೆ ಬಿಗಿ. ಬಿಸಿ ಏರಿದಂತೆ ಸರಪಳಿಗಳು ಅಲುಗಾಡುತ್ತವೆ, ಮೇಲ್ಮೈ ಸಡಿಲಾಗುತ್ತದೆ, ಚೂರುಗಳೂ ಒಳಗೆ ಬೆರೆಸಿದ ರಾಸಾಯನಿಕಗಳೂ ಹೊರಬರುತ್ತವೆ. ಪೆಟ್‌ನ ಬಿಗಿ ಸಡಿಲಾಗುವುದು 70ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುರುಗಲು ಹಣ್ಣಿನ ಪಾನಕದ ಸಿರಪ್ಪನ್ನು ಒಲೆಯಿಂದ ಇಳಿಸಿ ನೇರ ಹಳೆ ನೀರಿನ ಬಾಟಲಿಗೆ ಸುರಿದವರಿಗೆ ಇದು ಕಣ್ಣಾರೆ ಗೊತ್ತು. ಮೊದಲು ಕುತ್ತಿಗೆ ಒಂದು ಕಡೆಗೆ ವಾಲುತ್ತದೆ, ಮೈ ಕುಗ್ಗಿ ಸುಕ್ಕುಗಟ್ಟುತ್ತದೆ, ತಳ ಉಬ್ಬಿ ಬಾಟಲಿ ನಿಲ್ಲದೆ ಉರುಳುತ್ತದೆ. ಕಾರ್ಖಾನೆಯವರು ಬಿಸಿ ಜ್ಯೂಸು ತುಂಬುವ ಬಾಟಲಿ ಬೇರೆಯೇ. ಅದರ ಗೋಡೆ ದಪ್ಪ, ಕುತ್ತಿಗೆಯನ್ನು ಬಿಸಿ ತಾಳುವಂತೆ ಹದ ಮಾಡಿರುತ್ತಾರೆ. ಮನೆಯಲ್ಲಿ ಸಿರಪ್ ಮಾಡುವವರು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದ ಗಾಜಿನ ಬಾಟಲಿ ಬಳಸುವುದೇ ಸರಿ. ತಣ್ಣನೆಯ ಗಾಜಿಗೆ ಕುದಿ ಸಿರಪ್ ಸುರಿದರೆ ಸೀಳುತ್ತದೆ, ಬಾಟಲಿಯೂ ಬಿಸಿ ಇರುವಾಗಲೇ ತುಂಬಬೇಕು.

ಪೇಪರ್ ಕಪ್ಪಿಗೆ ಬರೋಣ. ಬರೀ ಕಾಗದವಾಗಿದ್ದರೆ ಚಹಾ ಎರಡು ನಿಮಿಷದಲ್ಲಿ ಜಿನುಗಬೇಕಿತ್ತು. ಜಿನುಗದಂತೆ ತಡೆಯುವುದು ಒಳಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪದರ, ಹೆಚ್ಚಾಗಿ ಪಾಲಿಎಥಿಲೀನ್. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಇಂಥ ಕಪ್ಪುಗಳಿಗೆ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರು ಹಾಕಿ 15 ನಿಮಿಷ ಬಿಟ್ಟರು. ನೀರಿಗೆ ಇಳಿದ ಮೈಕ್ರಾನ್ ಗಾತ್ರದ ಕಣಗಳು ಸುಮಾರು 25,000. ದಿನಕ್ಕೆ ಮೂರು ಚಹಾ ಎಂದರೆ 75,000. ಬಳಸಿದ ಪೇಪರ್ ಕಪ್ಪಿನ ಅಂಚನ್ನು ನೀರಿನಲ್ಲಿ ನೆನೆಸಿ ನಿಧಾನ ಸುಲಿದರೆ ಈ ಪದರ ಹಾವಿನ ಪೊರೆಯ ಹಾಗೆ ಬೇರೆಯಾಗಿ ಬರುತ್ತದೆ. ಮಕ್ಕಳಿಗೆ ಒಮ್ಮೆ ತೋರಿಸಿ.

ನಾರಿನಂತೆ ಕಾಣುವ ಕೆಲವು ಟೀ ಬ್ಯಾಗುಗಳೂ ಪ್ಲಾಸ್ಟಿಕ್ಕೇ. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಅಂಥ ಒಂದು ಬ್ಯಾಗನ್ನು 95 ಡಿಗ್ರಿಯ ನೀರಿನಲ್ಲಿ ಇಟ್ಟಾಗ ಕೋಟಿಗಟ್ಟಲೆಯಲ್ಲ, ನೂರಾರು ಕೋಟಿ ಕಣ ಬಂದವೆಂದು ಬರೆದರು. ಆ ಎಣಿಕೆಯ ವಿಧಾನದ ಬಗ್ಗೆ ಬೇರೆ ವಿಜ್ಞಾನಿಗಳು ತಕರಾರು ಎತ್ತಿದ್ದಾರೆ. ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಮಕ್ಕಳ ಹಾಲಿನ ಬಾಟಲಿ ನೋಡಿದರು. ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ 70 ಡಿಗ್ರಿಯ ನೀರು ಹಾಕಿ ಕುಲುಕಿದಾಗ ಲೀಟರಿಗೆ ಒಂದೂವರೆ ಕೋಟಿಗೂ ಹೆಚ್ಚು ಕಣ ಬಂದ ಬಾಟಲಿಗಳಿದ್ದವು. ಹಸುಗೂಸು ಇರುವ ಮನೆಯಲ್ಲಿ ಇಷ್ಟು ಮಾಡಿದರೆ ಬಹಳ ಕಡಿಮೆಯಾಗುತ್ತದೆ: ಕುದಿಸಿದ ನೀರಿನಲ್ಲಿ ಪುಡಿ ಹಾಲನ್ನು ಗಾಜು ಅಥವಾ ಸ್ಟೀಲ್ ಪಾತ್ರೆಯಲ್ಲಿ ಕದಡಿ, ಉಗುರು ಬೆಚ್ಚಗಾದ ಮೇಲೆ ಬಾಟಲಿಗೆ ಹಾಕುವುದು. ಬಾಟಲಿಯನ್ನು ಕುದಿಸಿ ಶುಚಿ ಮಾಡುವುದನ್ನು ಬಿಡಬಾರದು, ರೋಗಾಣು ಅದಕ್ಕಿಂತ ದೊಡ್ಡ ಅಪಾಯ. ಶುಚಿ ಮಾಡಿದ ಮೇಲೆ ಕುದಿಸಿ ಆರಿಸಿದ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿದರೆ ಸಾಕು.

ಮಲೆನಾಡಿನ ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬಿಸಿನೀರು ತುಂಬಿ ಕೊಡುವುದು ರೂಢಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡುವುದಾದರೆ ನೀರು ಆರಿರಬೇಕು. ಬೆಚ್ಚಗೇ ಬೇಕಾದರೆ ಸ್ಟೀಲ್ ಬಾಟಲಿ. ಹೋಟೆಲಿನಿಂದ ತೆಳು ಕವರಿನಲ್ಲಿ ಗಂಟು ಕಟ್ಟಿ ತರುವ ಬಿಸಿ ಚಹಾ, ಸಾಂಬಾರು ಇವೆಲ್ಲಕ್ಕಿಂತ ಕೆಟ್ಟದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಸಿಲಿನಲ್ಲಿ ನಿಂತ ಕಾರಿನ ಬಾಟಲಿ ನೀರು ವಿಷವೇ ಎಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಪೆಟ್ ತಯಾರಿಸುವಾಗ ಆಂಟಿಮನಿ ಎಂಬ ಲೋಹದ ಸಂಯುಕ್ತ ಬಳಸುತ್ತಾರೆ, ಅದು ಬಾಟಲಿಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅರಿಜೋನಾದಲ್ಲಿ 2008ರಲ್ಲಿ ನಡೆದ ಪ್ರಯೋಗದ ಪ್ರಕಾರ ನೀರಿನಲ್ಲಿ ಆಂಟಿಮನಿ ಅಮೆರಿಕದ ಮಿತಿ ದಾಟಲು 60 ಡಿಗ್ರಿಯಲ್ಲಿ 176 ದಿನ ಬೇಕು, 70 ಡಿಗ್ರಿಯಲ್ಲಿ 12 ದಿನ, 80 ಡಿಗ್ರಿಯಲ್ಲಿ ಎರಡೇ ದಿನ ಸಾಕು. ಮಧ್ಯಾಹ್ನ ಎರಡು ಗಂಟೆ ಕಾರಿನಲ್ಲಿದ್ದ ಬಾಟಲಿಗೆ ಹೆದರಬೇಕಿಲ್ಲ. ಆದರೆ ಅಂಗಡಿಯ ಹೊರಗೆ ಬಿಸಿಲಿಗೆ ಒಡ್ಡಿ ವಾರಗಟ್ಟಲೆ ಪೇರಿಸಿಟ್ಟ ಬಾಟಲಿಗಳನ್ನು ಕೊಳ್ಳದಿರುವುದು ಲೇಸು. ಬಿಸಿ ಎಷ್ಟು, ಎಷ್ಟು ಹೊತ್ತು, ಎರಡೂ ಸೇರಿ ಲೆಕ್ಕ.

ಹೊಟ್ಟೆಗೆ ಹೋದ ಮೇಲೆ

2018ರಲ್ಲಿ ವಿಯೆನ್ನಾದಲ್ಲಿ ಎಂಟು ದೇಶಗಳ ಎಂಟು ಜನರ ಮಲ ಪರೀಕ್ಷಿಸಿದಾಗ ಎಂಟರಲ್ಲೂ ಪ್ಲಾಸ್ಟಿಕ್ ಸಿಕ್ಕಿತು. ಇದು ಕೆಟ್ಟ ಸುದ್ದಿಯಂತೆ ಕೇಳಿದರೂ ಅರ್ಧ ಒಳ್ಳೆಯದು: ಹೋದದ್ದು ಹೊರಗೆ ಬರುತ್ತಿದೆ. 150 ಮೈಕ್ರಾನಿಗಿಂತ ದೊಡ್ಡ ಕಣಗಳು ಕರುಳಿನ ಗೋಡೆ ದಾಟುವ ಸಂಭವ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿದೆ. ಚಿಕ್ಕವು ಹಾಗಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 22 ಜನರ ರಕ್ತ ನೋಡಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಇತ್ತು, ಅತಿ ಹೆಚ್ಚು ಸಿಕ್ಕಿದ್ದು ಪೆಟ್. ಇಟಲಿಯಲ್ಲಿ ಆರು ಬಾಣಂತಿಯರ ಮಾಸುಚೀಲ ಪರೀಕ್ಷಿಸಿದಾಗ ನಾಲ್ಕರಲ್ಲಿ ಕಣಗಳಿದ್ದವು.

ಇದ್ದ ಮಾತ್ರಕ್ಕೆ ರೋಗ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈತನಕ ಅತ್ಯಂತ ಗಂಭೀರವಾದ ಸುಳಿವು 2024ರ ಮಾರ್ಚಿನಲ್ಲಿ ಇಟಲಿಯಿಂದಲೇ ಬಂತು. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ 257 ರೋಗಿಗಳನ್ನು ವೈದ್ಯರು ಸುಮಾರು ಮೂರು ವರ್ಷ ಗಮನಿಸಿದರು. 150 ಜನರ ಗಡ್ಡೆಯಲ್ಲಿ ಪಾಲಿಎಥಿಲೀನ್ ಸಿಕ್ಕಿತ್ತು. ಪ್ಲಾಸ್ಟಿಕ್ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಾಧ್ಯತೆ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು. ಆದರೆ ಪ್ಲಾಸ್ಟಿಕ್ಕಿನಿಂದಲೇ ಹಾಗಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಎರಡೂ ಜೊತೆಗಿವೆ ಎಂದಷ್ಟೇ ಅರ್ಥ.

ಹಾನಿ ಹೇಗಾಗಬಹುದು ಎಂಬುದಕ್ಕೆ ದಾರಿ ಎರಡು. ಒಂದು, ಕಣವೇ ಕೊಡುವ ಕಿರಿಕಿರಿ. ಅಂಗಾಲಿಗೆ ಮುಳ್ಳು ಮುರಿದು ಉಳಿದರೆ ಸುತ್ತ ಊದಿಕೊಳ್ಳುವುದಿಲ್ಲವೇ, ಹಾಗೆ ಜೀರ್ಣವಾಗದ, ಕರಗದ ವಸ್ತುವಿನ ಸುತ್ತ ದೇಹದ ಕಾವಲು ಕಣಗಳು ಮುತ್ತಿ ಉರಿಯೂತ ಎಬ್ಬಿಸುತ್ತವೆ. ಇನ್ನೊಂದು, ಪ್ಲಾಸ್ಟಿಕ್ಕಿನೊಳಗಿನ ರಾಸಾಯನಿಕ. 7ರ ಗುರುತಿನ ಪಾಲಿಕಾರ್ಬೊನೇಟ್ ಕ್ಯಾನುಗಳ ಮೂಲವಸ್ತು ಬಿಸ್ಫೆನಾಲ್ ಎ, ಅದು ದೇಹದ ಹಾರ್ಮೋನಿನಂತೆ ನಟಿಸಬಲ್ಲದು. ಯುರೋಪ್ ಒಕ್ಕೂಟ 2024ರ ಡಿಸೆಂಬರಿನಲ್ಲಿ ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸಿದೆ.

ಭಾರತದಲ್ಲಿ ಬಾಟಲಿ ನೀರಿನ ಮಾನದಂಡದಲ್ಲಿ ಆಂಟಿಮನಿಗೆ ಮಿತಿ ಇದೆ, ಮೈಕ್ರೊಪ್ಲಾಸ್ಟಿಕ್ಕಿಗೆ ಇಲ್ಲ. ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದ್ದರ ಅರ್ಥ ತಯಾರಕರಿಗೆ ತಪಾಸಣೆ ಬಿಗಿಯಾಯಿತು ಎಂದೇ ಹೊರತು ನೀರೆಲ್ಲ ಅಪಾಯ ಎಂದಲ್ಲ. ಆಹಾರದಲ್ಲಿ ಮೈಕ್ರೊಪ್ಲಾಸ್ಟಿಕ್ ಎಷ್ಟಿದೆ ಎಂದು ಅಳೆಯುವ ವಿಧಾನ ಗೊತ್ತುಮಾಡಲು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಲಖನೌ, ಕೊಚ್ಚಿ ಮತ್ತು ಪಿಲಾನಿಯ ಸಂಸ್ಥೆಗಳಿಗೆ ಕೆಲಸ ಒಪ್ಪಿಸಿದೆ.

ತುಂಗೆಗೆ ಬಿದ್ದ ಬಾಟಲಿ

ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಬರುವ ಆ ನೀರನ್ನೇ ಶಿವಮೊಗ್ಗ ಇವತ್ತಿಗೂ ಕುಡಿಯುತ್ತದೆ. ದಾರಿಯುದ್ದಕ್ಕೂ ಅದಕ್ಕೆ ಬಾಟಲಿ ಬೀಳುತ್ತದೆ.

ಮುಚ್ಚಳ ಬಿಗಿಯಾಗಿದ್ದ ಖಾಲಿ ಬಾಟಲಿ ಒಳಗಿನ ಗಾಳಿಯಿಂದ ತೇಲುತ್ತದೆ. ಮುಚ್ಚಳ ಹೋಯಿತೋ, ನೀರು ತುಂಬಿ ಬಾಟಲಿ ಮುಳುಗುತ್ತದೆ, ಏಕೆಂದರೆ ಪೆಟ್ ನೀರಿಗಿಂತ ಭಾರ: ಒಂದು ಘನ ಸೆಂಟಿಮೀಟರಿಗೆ 1.38 ಗ್ರಾಂ. ಮುಚ್ಚಳದ ಪ್ಲಾಸ್ಟಿಕ್ 0.9ರಿಂದ 0.95 ಗ್ರಾಂ, ಅದು ತೇಲುತ್ತಲೇ ಇರುತ್ತದೆ. ಹೀಗೆ ಒಂದೇ ಬಾಟಲಿಯ ಎರಡು ಭಾಗಗಳು ಎರಡು ದಾರಿ ಹಿಡಿಯುತ್ತವೆ. ಮೈ ಚೂರುಚೂರಾಗಿ ಗುಂಡಿಗಳ ತಳದ ಕೆಸರಿಗೆ, ಅಣೆಕಟ್ಟಿನ ಹಿಂದಿನ ಹೂಳಿಗೆ ಸೇರುತ್ತದೆ. ಮುಚ್ಚಳ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ತುಂಗಭದ್ರೆಯಾಗಿ, ಕೃಷ್ಣೆಯ ಹಾದಿ ಹಿಡಿಯುತ್ತದೆ.

ಒಡೆಯುವ ಕೆಲಸ ಶುರುವಾಗುವುದು ಮಾತ್ರ ನೀರಿನಲ್ಲಲ್ಲ, ರಸ್ತೆ ಬದಿಯಲ್ಲಿ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ ಸರಪಳಿಗಳನ್ನು ಕತ್ತರಿಸುತ್ತದೆ. ಮೇಲ್ಮೈ ಬಿಳಚಿ, ಬಿರಿದು, ಮುಟ್ಟಿದರೆ ಉದುರುವಂತಾಗುತ್ತದೆ. ಮಾರ್ಚಿನಿಂದ ಮೇ ತನಕ ಬಿಸಿಲು ಕಾಯಿಸುತ್ತದೆ, ಟೈರುಗಳು ಅರೆಯುತ್ತವೆ, ಜೂನಿನ ಮೊದಲ ಮಳೆ ಎಲ್ಲವನ್ನೂ ಹಳ್ಳಕ್ಕೆ ಗುಡಿಸುತ್ತದೆ. ಕಾಡಿನ ನೆರಳಲ್ಲಿ ದರಕಿನಡಿ, ಅಂದರೆ ಉದುರಿದ ಒಣ ಎಲೆಗಳಡಿ, ಸಿಕ್ಕಿಕೊಂಡ ಬಾಟಲಿಗೆ ಬಿಸಿಲು ತಾಗದು. ಅದು ಬೇಗ ಪುಡಿಯಾಗುವುದಿಲ್ಲ, ಬೇಗ ಹೋಗುವುದೂ ಇಲ್ಲ.

ಹೊಳೆಯ ತಳದಲ್ಲಿ ಮರಳು ಕಣಗಳನ್ನು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಳ್ಳುವ ಪುಟ್ಟ ಹುಳುಗಳಿವೆ, ಕ್ಯಾಡಿಸ್ ನೊಣದ ಮರಿಗಳು. ಮೀನುಗಳಿಗೆ ಇವು ಮುಖ್ಯ ಆಹಾರ. ಯುರೋಪಿನ ಹಳ್ಳಗಳಲ್ಲಿ ಇವುಗಳ ಗೂಡಿನಲ್ಲಿ ಮರಳಿನ ಜೊತೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿವೆ. ಮರಳಿಗಿಂತ ಹಗುರವಾದ ಗೂಡು ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಗುವುದು ಸುಲಭ, ಬಣ್ಣದ ಚೂರು ಮೀನಿನ ಕಣ್ಣಿಗೆ ಬೀಳುವುದೂ ಸುಲಭ. ಶೃಂಗೇರಿಯ ಮಠದೆದುರು, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ಮೀನುಗಳನ್ನು ದೇವರ ಮೀನು ಎಂದು ಕಾಪಾಡಿಕೊಂಡು ಬಂದ ಹೊಳೆ ಇದು. ಅವಕ್ಕೆ ಮಂಡಕ್ಕಿ ಹಾಕುವವರು ಕವರನ್ನು ಜೇಬಿಗೆ ಹಾಕಿಕೊಂಡು ಬರಬೇಕು.

ಬಚ್ಚಲ ಒಲೆಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಪೆಟ್ ಕಪ್ಪು ಮಸಿ ಕಾರುತ್ತಾ ಉರಿಯುತ್ತದೆ. ಬಾಟಲಿಗೆ ಸುತ್ತಿದ ಲೇಬಲ್ ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್ ಆಗಿದ್ದರೆ ಆ ಹೊಗೆಯಲ್ಲಿ ಕ್ಲೋರಿನ್ ಇರುವ ವಿಷಗಳು, ಡಯಾಕ್ಸಿನ್ ಕೂಡ, ಸೇರುತ್ತವೆ. ಒಲೆಯ ಉರಿ ಅದನ್ನು ಪೂರ್ತಿ ಸುಡುವಷ್ಟು ಬಿಸಿ ಅಲ್ಲ. ಅರೆಬೆಂದ ಉಂಡೆಗಳು ಬೂದಿಯಲ್ಲಿ ಉಳಿಯುತ್ತವೆ, ಆ ಬೂದಿ ಪಾತ್ರೆ ತಿಕ್ಕಲೂ ತೋಟದ ಗೊಬ್ಬರಕ್ಕೂ ಹೋಗುತ್ತದೆ.

ಕುದಿಸಿದರೆ ಹೋಗುತ್ತದೆಯೇ? ಆರ್‌ಒ ಹಾಕಿಸಿದರೆ?

2024ರಲ್ಲಿ ಚೀನಾದ ಗುವಾಂಗ್‌ಝೌದ ಸಂಶೋಧಕರು ನೀರು ಕುದಿಸಿ ಸೋಸಿದರೆ ನೂರಕ್ಕೆ 90ರ ತನಕ ಕಣಗಳು ಹೋಗುತ್ತವೆ ಎಂದು ತೋರಿಸಿದರು. ಆದರೆ ಅದು ಗಡಸು ನೀರಿಗೆ. ಗಡಸು ನೀರು ಕುದಿದಾಗ ಪಾತ್ರೆಗೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಆ ಸುಣ್ಣ ಕಣಗಳನ್ನು ಒಳಗೆ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಮೆದು ನೀರಿನಲ್ಲಿ ಸುಣ್ಣವೇ ಇಲ್ಲ, ಹೋದದ್ದು ಕಾಲು ಭಾಗ ಮಾತ್ರ. ಘಟ್ಟದ ಮೇಲಿನ ಬಾವಿ, ಅಬ್ಬಿ ನೀರು ಸಾಮಾನ್ಯವಾಗಿ ಮೆದು. ಹಾಗಾಗಿ ಈ ಉಪಾಯ ಸುಣ್ಣ ಕಟ್ಟುವ ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಒದಗಿದಷ್ಟು ನಮಗೆ ಒದಗದು. ರೋಗಾಣುಗಳಿಗಾಗಿ ಕುದಿಸುವುದಂತೂ ಇದ್ದೇ ಇರಲಿ.

ಆರ್‌ಒ ಯಂತ್ರ ನೀರನ್ನು ಒತ್ತಡದಿಂದ ತೆಳು ಪೊರೆಯೊಂದರ ಮೂಲಕ ಹಾಯಿಸುತ್ತದೆ. ಆ ಪೊರೆ ಬಹುಮಟ್ಟಿಗೆ ಎಲ್ಲ ಕಣಗಳನ್ನೂ ತಡೆಯುತ್ತದೆ. ಪೊರೆಯೂ ಪ್ಲಾಸ್ಟಿಕ್ಕೇ, ಪಾಲಿಅಮೈಡ್. ಕೊಲಂಬಿಯಾ ವಿಶ್ವವಿದ್ಯಾಲಯದವರ ಎಣಿಕೆಯಲ್ಲಿ ಪೆಟ್‌ಗಿಂತ ಹೆಚ್ಚು ಸಿಕ್ಕಿದ್ದು ಅದೇ. ನಳದ ನೀರು ಶುದ್ಧೀಕರಣದಲ್ಲಿ ಪಟಕ ಹಾಕಿ ತಿಳಿಗೊಳಿಸಿ ಮರಳಿನಲ್ಲಿ ಸೋಸುವಾಗಲೇ ದೊಡ್ಡ ಕಣಗಳ ಹೆಚ್ಚಿನ ಪಾಲು ಕಳೆದುಕೊಂಡಿರುತ್ತದೆ. ಒಳ್ಳೆಯ ಬಾವಿ ಅಥವಾ ನಳದ ನೀರನ್ನು ಕುದಿಸಿ, ಒತ್ತಾದ ಹತ್ತಿ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಕೊಳಗದಲ್ಲಿ ಇಟ್ಟುಕೊಳ್ಳುವುದು ಬಾಟಲಿ ನೀರಿಗಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಹಳ್ಳಿಯ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನಿನಲ್ಲಿ ತರುವವರು ಕ್ಯಾನಿನ ಒಳಮೈ ನೋಡಬೇಕು. ಹೊಸತರಲ್ಲಿ ತಿಳಿಯಾಗಿದ್ದದ್ದು ಮಂಜಿನಂತೆ ಮಾಸಿದ್ದರೆ, ಬೆರಳಿಗೆ ಗೀರು ತಾಗಿದರೆ, ಅದರ ಕಾಲ ಮುಗಿಯಿತು. ಸ್ಟೀಲ್ ನಾರು, ಗಟ್ಟಿ ಬ್ರಷ್, ಮರಳು ಹಾಕಿ ಕುಲುಕುವುದು ಬೇಡವೇ ಬೇಡ. ಮೆದು ಬಟ್ಟೆ, ತಣ್ಣೀರು ಸಾಕು. ಮನೆಗೆ ತಂದೊಡನೆ ಸ್ಟೀಲ್ ಪಾತ್ರೆಗೋ ಮಣ್ಣಿನ ಹೂಜಿಗೋ ಬಗ್ಗಿಸಿಬಿಡಿ. ತಾಮ್ರದ ಕೊಡ ನೀರಿಗೆ ಸರಿ, ಮಜ್ಜಿಗೆ, ಮುರುಗಲು, ನಿಂಬೆ ಪಾನಕಕ್ಕೆ ಸಲ್ಲದು. ಹುಳಿಗೆ ತಾಮ್ರ ಬಿಡುತ್ತದೆ.

ಬಾಟಲಿ ಕೊಳ್ಳಲೇಬೇಕಾದಾಗ, ಮತ್ತು ಮದುವೆ ಮನೆಯಲ್ಲಿ

ಪ್ರಯಾಣದಲ್ಲಿ ಕೊಂಡರೆ ನೆರಳಲ್ಲಿಟ್ಟದ್ದನ್ನು, ಈಚಿನ ತಾರೀಖಿನದನ್ನು ಕೇಳಿ ತೆಗೆದುಕೊಳ್ಳಿ. ಮುಚ್ಚಳ ತೆಗೆದ ಮೇಲೆ ಬಾಯಂಚನ್ನು ಒಂದು ಗುಟುಕು ನೀರಿನಿಂದ ತೊಳೆದು ಚೆಲ್ಲಿ, ಉದುರಿದ ಪುಡಿಯ ಒಂದು ಪಾಲು ಅಲ್ಲಿರುತ್ತದೆ. ಪ್ರತಿ ಗುಟುಕಿಗೂ ತೆಗೆದು ಮುಚ್ಚುವ ಬದಲು ಸ್ಟೀಲ್ ಬಾಟಲಿಗೆ ಒಮ್ಮೆಲೇ ಬಗ್ಗಿಸಿಕೊಂಡರೆ ಇನ್ನೂ ಒಳ್ಳೆಯದು.

ಸಾವಿರ ಜನರ ಮದುವೆ. ತಲೆಗೆ ಕಾಲು ಲೀಟರಿನ ಎರಡು ಬಾಟಲಿ ಎಂದರೆ ಎರಡು ಸಾವಿರ ಬಾಟಲಿ. ಒಂದಕ್ಕೆ 8 ಗ್ರಾಂ ಹಿಡಿದರೂ 16 ಕೆಜಿ ಪ್ಲಾಸ್ಟಿಕ್, ಎರಡು ಸಾವಿರ ಮುಚ್ಚಳ, ಅರ್ಧ ಕುಡಿದು ಬಿಟ್ಟ ನೀರು ಬೇರೆ. ಅದೇ 500 ಲೀಟರ್ ನೀರಿಗೆ 50 ಲೀಟರಿನ ಹತ್ತು ಸ್ಟೀಲ್ ಕೊಳಗ ಸಾಕು. ಹಿಂದಿನ ರಾತ್ರಿ ಜೀರಿಗೆ ಅಥವಾ ಲಾವಂಚದ ಬೇರು ಹಾಕಿ ಕುದಿಸಿ ಮುಚ್ಚಿಟ್ಟರೆ ಬೆಳಗ್ಗೆಗೆ ಆರಿರುತ್ತದೆ. ಪಂಕ್ತಿಗೆ 250 ಜನ ಕೂರುವುದಾದರೆ 600 ಸ್ಟೀಲ್ ಲೋಟ ಬೇಕು: ಒಂದು ಪಂಕ್ತಿಗೆ, ಇನ್ನೊಂದು ತೊಳೆಯುವಲ್ಲಿ, ನೂರು ಮೀಸಲು. ಎಡವಟ್ಟಾಗುವುದು ತೊಳೆಯುವ ಜಾಗದಲ್ಲಿ. ಒಂದೇ ಟಬ್ಬಿನಲ್ಲಿ ಅದ್ದಿ ತೆಗೆದರೆ ಜನ ಬಾಟಲಿಯನ್ನೇ ಕೇಳುತ್ತಾರೆ, ಅವರ ತಪ್ಪಲ್ಲ. ಮೂರು ಟಬ್ ಇಡಿ: ಸಾಬೂನು ನೀರು, ತಿಳಿನೀರು, ಕೊನೆಯದಕ್ಕೆ ಕೈ ಹಾಕಲಾಗದಷ್ಟು ಬಿಸಿನೀರು, ಜಾಲರಿ ಬುಟ್ಟಿಯಲ್ಲಿ ಅದ್ದಲು. ಬಿಸಿನೀರಿನಿಂದ ತೆಗೆದ ಲೋಟ ತನ್ನಷ್ಟಕ್ಕೆ ಒಣಗುತ್ತದೆ, ಒರೆಸುವ ಬಟ್ಟೆಯೂ ಬೇಡ.

ಖಾಲಿಯಾದ ಬಾಟಲಿಯನ್ನು ಹಿಂಡಿ, ಮುಚ್ಚಳ ಮತ್ತೆ ತಿರುಗಿಸಿ, ಒಣ ಕಸಕ್ಕೆ ಕೊಡಿ. ಬಿಡಿ ಮುಚ್ಚಳ ಚರಂಡಿ ಪಾಲಾಗುತ್ತದೆ, ಬಾಟಲಿಯ ಮೇಲಿದ್ದರೆ ಮರುಬಳಕೆಯ ಕಾರ್ಖಾನೆಯ ತನಕ ಹೋಗುತ್ತದೆ. ಅಲ್ಲಿ ಬಾಟಲಿ, ಮುಚ್ಚಳ ಎರಡನ್ನೂ ಒಟ್ಟಿಗೆ ಚೂರು ಮಾಡಿ ನೀರಿನ ತೊಟ್ಟಿಗೆ ಹಾಕುತ್ತಾರೆ. ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ, ತುಂಗೆಯಲ್ಲಿ ಬೇರೆಯಾಗುವ ಹಾಗೆಯೇ. ವ್ಯತ್ಯಾಸವೆಂದರೆ ತೊಟ್ಟಿಯಲ್ಲಿ ಎರಡನ್ನೂ ಬಾಚಿ ತೆಗೆಯಬಹುದು.